ಉಪ್ಪಾಗೆ ತುಪ್ಪ ಹಿಮ್ಮಡಿಗೆ ಸರಿ, ತಲೆಹೊಟ್ಟಿಗಲ್ಲ

ಚಳಿ ಬಿತ್ತು. ನಮ್ಮ ಸಾಗರದ ಕಡೆ ಕೊಯ್ಲು ಶುರುವಾಯ್ತು ಅಂದ್ರೆ ಎಲ್ಲರ ಹಿಮ್ಮಡಿಯೂ ಒಡೆಯುತ್ತೆ. ಮೊನ್ನೆ ಚಿಕ್ಕಪ್ಪನ ಮಗಳು ಬೆಂಗಳೂರಿಂದ ಫೋನ್ ಮಾಡಿದ್ದಳು. "ಅಕ್ಕಾ, ಕೋಕಮ್ ಬಟರ್ ಅಂತ ತರಿಸಿದೀನಿ, ಕಾಲಿಗೆ ತುಂಬಾ ಚೆನ್ನಾಗಿದೆ" ಅಂದಳು. ನನಗೆ ಹೊಟ್ಟೆ ಉರಿಯಿತು. ಅದು ನಮ್ಮ ಮುರುಗಲು ಬೀಜದ ತುಪ್ಪವೇ ಅಲ್ವಾ! ಅವಳು ಹುಟ್ಟಿದ ಮನೆಯ ತೋಟದಲ್ಲೇ ಆ ಬೀಜ ಮಣ್ಣುಪಾಲಾಗುತ್ತಿದೆ.

ಮುರುಗಲಿನ ಜಾತಿಯದೇ ಇನ್ನೊಂದು ಮರ ಉಪ್ಪಾಗೆ. ಮುರುಗಲು ಬೇಸಿಗೆಯ ಕೊನೆಗೆ ಹಣ್ಣಾದರೆ ಉಪ್ಪಾಗೆ ಮಳೆಗಾಲದಲ್ಲಿ. ಸಿಪ್ಪೆಗೆ ದರ ಇದೆ, ಹೊಗೆಗೆ ಒಣಗಿಸಿ ಮಾರುತ್ತೇವೆ. ಬೀಜವನ್ನು ನಮ್ಮಜ್ಜಿ ಬಿಡುತ್ತಿರಲಿಲ್ಲ. ತೊಳೆದು, ಒಣಗಿಸಿ, ಹೊರಗಿನ ಚಿಪ್ಪು ಒಡೆದು, ಒಳಗಿನ ತಿರುಳನ್ನು ಒರಳಲ್ಲಿ ಕುಟ್ಟುತ್ತಿದ್ದಳು. ಅದನ್ನು ನೀರಿಗೆ ಹಾಕಿ ಬಚ್ಚಲ ಒಲೆಯಲ್ಲಿ ಕುದಿಸುವುದು. ಕುದಿಯುತ್ತಾ ಕುದಿಯುತ್ತಾ ಜಿಡ್ಡು ಮೇಲೆ ತೇಲುತ್ತೆ. ಸೌಟಲ್ಲಿ ಮೆಲ್ಲಗೆ ತೆಗೆದು ಕರಟಕ್ಕೆ ಹೊಯ್ದರೆ ಬೆಳಗಾಗುವಷ್ಟರಲ್ಲಿ ಮೇಣದ ಹಾಗೆ ಗಟ್ಟಿ. ಉಗುರಲ್ಲಿ ಕೆರೆದು ಅಂಗೈಯಲ್ಲಿ ಉಜ್ಜಿದರೆ ಮೈ ಬಿಸಿಗೇ ಕರಗುತ್ತೆ.

ಹಚ್ಚುವುದಕ್ಕೂ ಒಂದು ಹದ ಇದೆ. ಈ ತುಪ್ಪ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ಪಸೆ ಆರದ ಹಾಗೆ ಮುಚ್ಚಿಡುತ್ತೆ ಅಷ್ಟೇ. ಅದಕ್ಕೇ ಒಣಗಿದ ಕಾಲಿಗೆ ಬಳಿದರೆ ಪ್ರಯೋಜನ ಕಡಿಮೆ. ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಕಾಲು ನೆನೆಸಿ, ಒರೆಸಿ, ಚರ್ಮ ಇನ್ನೂ ಮೆತ್ತಗಿರುವಾಗಲೇ ತಿಕ್ಕಿ.

ತುಪ್ಪವಾಗಲಿ ಎಣ್ಣೆಯಾಗಲಿ, ಜಿಡ್ಡು ಹಚ್ಚಿದರೆ ತಲೆಹೊಟ್ಟು ಹೋಗುತ್ತೆ ಅನ್ನುವ ಅಜ್ಜಿಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಮಗಳಿಗೆ ತಲೆಹೊಟ್ಟು ಅಂತ ಒಂದು ತಿಂಗಳು ದಿನಾ ರಾತ್ರಿ ಹರಳೆಣ್ಣೆ ಬಿಸಿ ಮಾಡಿ ಹಚ್ಚಿದೆ. ತುರಿಕೆ ಜಾಸ್ತಿಯೇ ಆಯಿತು, ಹಣೆ ತುಂಬಾ ಗುಳ್ಳೆ. ಪಾಪ, ಮಗು ಶಾಲೆಗೆ ಹೋಗಲು ಅಳುತ್ತಿತ್ತು. ಆಮೇಲೆ ಚರ್ಮದ ಡಾಕ್ಟರ್ ತಿಳಿಸಿ ಹೇಳಿದರು. ಹೊಟ್ಟಿನ ಹಿಂದೆ ಮಲಸೀಜಿಯಾ ಅನ್ನೋ ಶಿಲೀಂಧ್ರ ಇರುತ್ತಂತೆ. ಅದು ಬದುಕುವುದೇ ತಲೆಯ ಜಿಡ್ಡು ತಿಂದು. ನಾನು ದಿನಾ ರಾತ್ರಿ ಅದಕ್ಕೆ ಊಟ ಬಡಿಸುತ್ತಿದ್ದೆ! ಎಣ್ಣೆ ನಿಲ್ಲಿಸಿ ಅವರು ಬರೆದ ಶಾಂಪೂ ಹಾಕಿದ ಮೇಲೇ ಕಡಿಮೆಯಾಯಿತು. ಹರಳೆಣ್ಣೆ ಕೂದಲಿಗೆ ಹೊಳಪು ಕೊಡುತ್ತೆ, ನಿಜ. ಹೊಸ ಕೂದಲು ಹುಟ್ಟಿಸುತ್ತೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ.

ಎಣ್ಣೆ ವಿಷಯದಲ್ಲಿ ಇನ್ನೆರಡು ಎಚ್ಚರಿಕೆ. ಬೇವಿನೆಣ್ಣೆಯನ್ನು ಎಳೆ ಮಕ್ಕಳಿಗೆ ಕುಡಿಸಲೇಬೇಡಿ, ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಿದ್ದಿದೆ. ದರಗಿಗೆ (ಒಣ ಎಲೆಗೆ), ಸೌದೆಗೆ ಕಾಡು ಹತ್ತುವವರು ಉಣುಗು (ಉಣ್ಣೆ ಹುಳ) ಕಚ್ಚದಿರಲು ಮನೆ ಎಣ್ಣೆ ಸಾಕು ಅಂತಲೂ ಸುಮ್ನಿರಬೇಡಿ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ. ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನೇ ಹಚ್ಚಿಕೊಂಡು ಹೋಗಿ.

ಈ ಸಲದ ಉಪ್ಪಾಗೆ ಬೀಜ ಅಟ್ಟದ ಮೇಲೆ ಒಣಗಿ ಕೂತಿದೆ. ಭಾನುವಾರ ಕುದಿಸುತ್ತೇನೆ. ಹತ್ತಿರದವರು ಬನ್ನಿ, ಕೈಗೊಂದು ಒನಕೆ ಕೊಡ್ತೀನಿ. ಹೋಗುವಾಗ ಒಂದು ಕರಟ ತುಪ್ಪ ನಿಮ್ಮದು.