ರಾಜ ಕಾಯುತ್ತಾನೆ, ರೀಲು ಕಾಯುವುದಿಲ್ಲ

ನಮ್ಮ ಕಡೆ ಜೂನ್‌ನಲ್ಲಿ ನಾಟಕ ಇಟ್ಟುಕೊಳ್ಳುವವರು ಒಂದೋ ಧೈರ್ಯವಂತರು, ಇಲ್ಲ ಮಲೆನಾಡಿನ ಮಳೆ ನೋಡದವರು. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯತೊಡಗಿದರೆ ಮುಗಿಯಿತು. ರಂಗದ ಮೇಲಿನ ರಾಜ ಕೆರೆಯ ಮೀನಿನ ಹಾಗೆ ಸುಮ್ನೆ ಬಾಯಿ ತೆರೆದು ಮುಚ್ಚುತ್ತಿರುತ್ತಾನೆ.

ಒಮ್ಮೆ ನಮ್ಮೂರ ಶಾಲೆಯ ಶೆಡ್ಡಿನಲ್ಲಿ ಹೀಗೇ ಆಯಿತು. ರಾಜ ಸ್ವಲ್ಪ ಹೊತ್ತು ಕಿರುಚಿ ನೋಡಿದ. ಆಮೇಲೆ ಹೋಗಿ ಸಿಂಹಾಸನದ ಮೇಲೆ, ಅಂದರೆ ಮೇಷ್ಟ್ರ ಕುರ್ಚಿಯ ಮೇಲೆ, ತೆಪ್ಪಗೆ ಕೂತ. ಹತ್ತು ನಿಮಿಷ ರಾಜ, ಪ್ರಜೆ ಎಲ್ಲರೂ ಸೇರಿ ಮಾಡು ನೋಡಿದೆವು. ಮಳೆ ಕಡಿಮೆಯಾದದ್ದೇ ಎದ್ದು, ಗಂಟಲು ಸರಿಮಾಡಿಕೊಂಡು, "ಎಲೈ ಮಂತ್ರಿಯೇ, ನಮ್ಮ ರಾಜ್ಯದಲ್ಲಿ ಮಳೆ ಬೆಳೆ ಹೇಗಿದೆ?" ಅಂದ. ಆವತ್ತಿನ ಚಪ್ಪಾಳೆ ಮಳೆಗಿಂತ ಜೋರಾಗಿತ್ತು. ಬರೆದ ನಾಟಕದಲ್ಲಿ ಆ ಮಾತು ಅದೇ ಜಾಗದಲ್ಲಿತ್ತೋ ಇಲ್ಲವೋ, ನಾವು ಕೇಳಲೂ ಇಲ್ಲ.

ಸಿನಿಮಾಕ್ಕೆ ಈ ದಾಕ್ಷಿಣ್ಯ ಇಲ್ಲ. ಅದೇ ಶೆಡ್ಡಿನಲ್ಲಿ ಬಿಳಿ ಪಂಚೆ ಕಟ್ಟಿ ಸಿನಿಮಾ ತೋರಿಸಿದಾಗ ಮಳೆ ಬಂದರೂ ಹೀರೋ ಪಾಡಿಗೆ ಹೀರೋ ಮಾತಾಡುತ್ತಲೇ ಇದ್ದ. ನಮಗೆ ಕೇಳಿಸಿತೋ ಇಲ್ಲವೋ ಅಂತ ಒಂದು ಸಲವಾದರೂ ತಿರುಗಿ ನೋಡಬೇಕಲ್ವಾ?

ಆದರೂ ನಮ್ಮ ಜನಕ್ಕೆ ಎರಡೂ ಬೇಕು. ಸಾಗರದ ಹತ್ತಿರದ ಹೆಗ್ಗೋಡಿನವರು ಇದನ್ನು ಬೇಗ ಕಂಡುಕೊಂಡರು ಅಂತ ಕಾಣುತ್ತದೆ. 1949ರಲ್ಲಿ ಊರಿನವರೇ ಸೇರಿ ಕಟ್ಟಿದ್ದು ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಅಷ್ಟುದ್ದ ಹೇಳಲು ಯಾರಿಗೆ ಪುರುಸೊತ್ತು, ನೀನಾಸಂ ಆಯಿತು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. ಮರುವರ್ಷವೇ ಚಿತ್ರಸಮಾಜವೂ ಬಂತು. ನಾಟಕದವರು ಸಿನಿಮಾವನ್ನು ಸವತಿಯ ಹಾಗೆ ನೋಡುವುದು ವಾಡಿಕೆ. ಇಲ್ಲಿ ಸವತಿಯರು ಒಂದೇ ಅಡುಗೆಮನೆಯಲ್ಲಿ ಒಲೆ ಹಚ್ಚಿದರು. ಅಡಿಕೆ ಸುಲಿದು ಬೆರಳು ಕಪ್ಪಾದವರು ಹೊರದೇಶದ ಕಪ್ಪು ಬಿಳುಪು ಚಿತ್ರಗಳ ಮುಂದೆ ಕೂತರು. 1985ರಿಂದ 'ತಿರುಗಾಟ' ಅಂತ ನಾಟಕಗಳೇ ಊರೂರಿಗೆ ಹೊರಟವು. ಇದನ್ನೆಲ್ಲ ಮುಂದೆ ನಿಂತು ನಡೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರೂ ಅಡಿಕೆ ತೋಟದವರೇ.

ನಮ್ಮ ಶೆಡ್ಡಿಗೆ ಅಷ್ಟೆಲ್ಲ ಭಾಗ್ಯ ಇರಲಿಲ್ಲ. ಅಲ್ಲಿ ಸಿನಿಮಾಕ್ಕೆ ಮೊದಲು ಒಬ್ಬರು ಎದ್ದು ನಿಂತು ಕಥೆ ಹೇಳುತ್ತಿದ್ದರು. ಭಾಷೆ ಬಾರದವರಿಗೆ ಅನುಕೂಲವಾಗಲಿ ಅಂತ. ಪೇಟೆಯಿಂದ ಬಂದಿದ್ದ ಹುಡುಗನೊಬ್ಬ ಗೊಣಗಿದ, ಕಥೆ ಮೊದಲೇ ಗೊತ್ತಾದರೆ ನೋಡುವುದೇನು ಅಂತ. ನಮ್ಮಜ್ಜಿ ಕವಳದ ಸಂಚಿ ಬಿಚ್ಚುತ್ತಾ, "ಕೀಚಕ ಸಾಯ್ತಾನೆ ಅಂತ ಗೊತ್ತಿಲ್ದೇ ಬೆಳಗಾಗೋವರೆಗೆ ಯಕ್ಷಗಾನದ ಆಟ ನೋಡ್ತೀವೇನೋ?" ಅಂದಳು. ಹುಡುಗ ಸುಮ್ಮನಾದ. ಕವಳ ಕೊಟ್ಟಳು, ಹಾಕಿಕೊಂಡ.

ಒಂದು ರಾತ್ರಿ ಮಾತ್ರ ಕಥೆ ಹೇಳುವವರು ಬಂದಿರಲಿಲ್ಲ. ಸಿನಿಮಾ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ನಾಟಕವಾಗಿದ್ದರೆ ಗ್ಯಾಸ್‌ಲೈಟ್ ಹಚ್ಚಿ ಮುಂದುವರಿಸಬಹುದಿತ್ತು. ಇಲ್ಲಿ ಹೀರೋ ಬಾಗಿಲು ತಟ್ಟಲು ಕೈ ಎತ್ತಿದವನು ಹಾಗೇ ಮಾಯವಾದ. ಒಂದು ಗಂಟೆ ಕಾದೆವು. ಬರಲಿಲ್ಲ, ಕರೆಂಟೂ ಬರಲಿಲ್ಲ, ಹೀರೋನೂ ಬರಲಿಲ್ಲ.

ಕಾಲಿಗೆ ಕಚ್ಚಿದ ಉಂಬಳ ಕೀಳುತ್ತಾ ತೋಟದ ದಾರಿಯಲ್ಲಿ ಮನೆಗೆ ಹೊರಟೆವು. ಒಂದೇ ಒಂದು ಬ್ಯಾಟರಿ, ಅದು ನಮ್ಮ ಭಾವನ ಕೈಯಲ್ಲಿ. ಮುಂದಿನ ಕಥೆ ತನಗೆ ಗೊತ್ತು ಅಂತ ಭಾವ ಶುರು ಮಾಡಿದರು. ಖಂಡಿತ ಸುಳ್ಳು. ಆದರೆ ಎಂಥ ಸುಳ್ಳು ಅಂತೀರಿ! ಹೀರೋ ಬಾಗಿಲು ಒದ್ದ ಅಂತ ಕಾಲೆತ್ತಿದರು, ಕತ್ತಿ ಬೀಸಿದ ಅಂತ ಕೈ ಬೀಸಿದರು. ಬ್ಯಾಟರಿಯ ಬೆಳಕು ಅಡಿಕೆ ಮರದ ತುದಿಗೆ ಹೋಯಿತು. ನಾವು ಕತ್ತಲಲ್ಲಿ ಕಾಲಿನಿಂದ ಹಳ್ಳದ ಸಂಕ ಹುಡುಕುತ್ತಾ, "ಆಮೇಲೆ?" ಅಂತ ಕೇಳುತ್ತಿದ್ದೆವು.