ಬೆಲ್ಲದ ತುಂಡಿಗೂ ಶೇ 18

ಆ ರೀಲ್ಸ್ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಮಲೆನಾಡಿನ ತೊಟ್ಟಿಮನೆ, ಹೆಂಚಿನಿಂದಿಳಿಯುವ ಮಳೆ, ಹಿಂದೊಂದು ಕೊಳಲು, ಕೊನೆಗೆ ಪಿಸುದನಿ: 'ಇಲ್ಲಿಗೆ ಬರಬೇಡಿ, ಇಲ್ಲಿ ಇರಿ.' ಬರದೇ ಇರೋದು ಹೇಗ್ರೀ ಅಂತ ಮನೆಯವಳು ಕೇಳಿದಳು. ಅದಕ್ಕೇ ಕಣೇ ಮೈಂಡ್‌ಫುಲ್ ಟ್ರಾವೆಲ್ ಅನ್ನೋದು ಅಂದೆ. ಘಟ್ಟ ಹತ್ತಿ ಬಂದ ಗಾಡಿಯವರು ತಂಗುತ್ತಿದ್ದ ಮನೆಯಂತೆ. ಈಗ ಬಾಡಿಗೆಗೆ, ರಾತ್ರಿಗೆ 9,000 ರೂಪಾಯಿ. ಹೊರಟೇಬಿಟ್ಟೆವು.

ಬಾಗಿಲಲ್ಲೇ ಮೊಬೈಲನ್ನು ಹಿತ್ತಾಳೆ ಕೊಳಗಕ್ಕೆ ಹಾಕಿಸಿಕೊಂಡರು. ಡಿಜಿಟಲ್ ಡಿಟಾಕ್ಸ್. ಒಳಗೆ ಹೋಗಿ ಕಾಫಿ ಕೇಳಿದರೆ, "ಟೇಬಲ್ ಮೇಲೆ ಕ್ಯೂಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿ ಸರ್." ಕೊಳಗದಿಂದ ಮೊಬೈಲ್ ಎತ್ತಿ ತಂದೆ. ನೆಟ್‌ವರ್ಕ್ ಇಲ್ಲ. ಕೊರೊನಾ ಕಾಲದಲ್ಲಿ ಈ ಸೀಮೆಯ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿ ಕೊಡೆ ಹಿಡಿದು ಕೂತಿದ್ದವಲ್ಲ, ಅಷ್ಟು ದಿನ ತಮಗೆ ಪುಕ್ಕಟೆ ಡಿಟಾಕ್ಸ್ ಆಗಿತ್ತು ಅಂತ ಪಾಪ, ಅವಕ್ಕೆ ಗೊತ್ತೇ ಇರಲಿಲ್ಲ.

ಆಮೇಲೆ ನೀರು-ಬೆಲ್ಲ ಬಂತು. ಬಾಳೆಲೆ ಚೂರಿನ ಮೇಲೆ ಹುಣಸೆ ಬೀಜದಷ್ಟು ಬೆಲ್ಲ, ಪಕ್ಕದಲ್ಲಿ ಕಾರ್ಡು: 'ಕಣ್ಣು ಮುಚ್ಚಿ, ಕಬ್ಬಿನ ಪಯಣವನ್ನು ನೆನೆಯಿರಿ.' ನೆನೆದೆ. ಕಣ್ಣು ಬಿಟ್ಟಾಗ ಒಂದು ಇರುವೆಯೂ ಅದೇ ಧ್ಯಾನದಲ್ಲಿತ್ತು. ನಮ್ಮಜ್ಜಿ ಬಿಸಿಲಲ್ಲಿ ಬಂದವರಿಗೆ 'ಆಸರಿಗೆ ಎಂತ ಬೇಕು' ಅಂತಷ್ಟೇ ಕೇಳುತ್ತಿದ್ದಳು, ಕಾರ್ಡು ಕೊಡುತ್ತಿರಲಿಲ್ಲ. ಹಾಗಂತ ಎಲ್ಲರಿಗೂ ಜಗಲಿ ಸಿಗುತ್ತಿತ್ತು ಅಂತಲ್ಲ. ಅಂಗಳದಲ್ಲೇ ನಿಂತು, ಬೊಗಸೆಯೊಡ್ಡಿ, ಮೇಲಿಂದ ಹೊಯ್ಸಿಕೊಂಡು ಕುಡಿದವರೂ ಇದ್ದರು. ಪರಂಪರೆಯ ಆ ಪುಟ ಬ್ರೋಷರಿನಲ್ಲಿಲ್ಲ.

ಗೋಡೆ ಮೇಲೆ ತೈತ್ತಿರೀಯ ಉಪನಿಷತ್ತು: ಅತಿಥಿದೇವೋ ಭವ. ಬಾಡಿಗೆ 7,500 ದಾಟಿದ ದೇವರಿಗೆ ಶೇ 18 ಜಿಎಸ್‌ಟಿ, ಅದರೊಳಗಿನ ದೇವರಿಗೆ ಶೇ 5. ಋಷಿಗಳಿಗೆ ಸ್ಲ್ಯಾಬ್ ಹೊಳೆದಿರಲಿಲ್ಲ. ಬಿಲ್ಲಿನ ಕೆಳಗೆ ಇನ್ನೊಂದು ಸಾಲು: 'ಹೃತ್ಪೂರ್ವಕ ಆತಿಥ್ಯ ಶುಲ್ಕ, ಶೇ 10.' ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದು, ಬೇರೆ ಹೆಸರಲ್ಲೂ ವಸೂಲಿ ಮಾಡಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿತ್ತು. ಹೃದಯಕ್ಕೆ ಕಾನೂನು ಗೊತ್ತಾಗುವುದಿಲ್ಲ ಬಿಡಿ.

ಇದಕ್ಕಿಂತ ಸರ್ಕಾರದ ಐಬಿ ವಾಸಿ ಅನ್ನುತ್ತೀರಾ? ಹೆಸರೇನೋ ಪ್ರವಾಸಿ ಮಂದಿರ. ಪ್ರವಾಸಿ ಹೋಗಿ ನಿಂತರೆ ಅದನ್ನು ನೋಡಿಕೊಳ್ಳುವ ಮೇಟಿ ಬೀಡಿ ಆರಿಸಿ, "ಸಾಹೇಬ್ರು ಬರೋದೈತೆ" ಅನ್ನುತ್ತಾನೆ. ಯಾವ ಸಾಹೇಬರು, ಯಾವತ್ತು? ಅವನಿಗೂ ತಿಳಿಯದು. ಕಾಲಜ್ಞಾನಿಗಳ ಹಾಗೆ ಬರೋದೈತೆ ಅಷ್ಟೆ. ನನಗೆ ಬುದ್ಧಿ ಬಂದಾಗಿನಿಂದ ಆ ಕೋಣೆಯ ಬೀಗ ಸಾಹೇಬರನ್ನೇ ಕಾಯುತ್ತಿದೆ. ಕೋಳಿಗಳಿಗೆ ಮಾತ್ರ ಅವರು ಬಂದ ದಿನ ತಪ್ಪದೆ ಗೊತ್ತಾಗುತ್ತದೆ.

ಗುಬ್ಬಿ ತೋಟದಪ್ಪ ಅನ್ನೋ ವ್ಯಾಪಾರಿ ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ತನ್ನ ದುಡ್ಡಲ್ಲಿ ಕಟ್ಟಿಸಿದ ಛತ್ರ 1903ರಲ್ಲಿ ತೆರೆಯಿತು. ಇಳಿದವನಿಗೊಂದು ಸೂರು ಬೇಕು ಅನ್ನೋದು ಆಗ ಒಬ್ಬ ವರ್ತಕನಿಗೆ ಅರ್ಥವಾಗಿತ್ತು. ಈಗ ನಮ್ಮ ಬಸ್‌ಸ್ಟ್ಯಾಂಡ್ ನೋಡಿ. ಕಬ್ಬಿಣದ ಬೆಂಚು, ಯಾರೂ ಮಲಗಬಾರದು ಅಂತ ಎರಡೆರಡು ಅಡಿಗೊಂದು ಸರಳು. ರಾತ್ರಿ ಎರಡಕ್ಕೆ ಬಸ್ಸು ತಪ್ಪಿದ ಬಾಣಂತಿ ನೆಲಕ್ಕೆ ಪೇಪರ್ ಹಾಸಿ ಮಗು ಮಲಗಿಸುತ್ತಾಳೆ, ಶೌಚಾಲಯದವನು ಚಿಲ್ಲರೆ ಇಲ್ಲ ಅಂತ ಗದರುತ್ತಾನೆ. ಆ ಸರಳಿಗೆ ಟೆಂಡರ್ ಕರೆದು, ಅಳತೆ ಹಿಡಿದು, ಬಿಲ್ ಪಾಸ್ ಮಾಡಿದ್ದಾರೆ. ನಾಚಿಕೆಯಾಗಬೇಕು.

ಹೊರಡುವಾಗ ಕೌಂಟರಿನ ಹುಡುಗಿ ಮೆಲ್ಲಗೆ ಕರೆದಳು. "ಸರ್, ಐದು ಸ್ಟಾರ್ ಕೊಡಿ. ಕಾಮೆಂಟಲ್ಲಿ 'ಹೃದಯ' ಅಂತ ಬಂದ್ರೆ ನಮಗೆ ಇನ್ಸೆಂಟಿವ್ ಇದೆ."

"ಕೊಡೋಣ ಕಣಮ್ಮ, ಇಲ್ಲಿ ನೆಟ್‌ವರ್ಕ್ ಎಲ್ಲಿ?"

ಅವಳು ಕಿಟಕಿಯಿಂದ ಗುಡ್ಡ ತೋರಿಸಿದಳು. "ಅಲ್ಲೊಂದು ಬಂಡೆ ಇದೆ ಸರ್. ನಾನು ಪಿಯುಸಿ ಓದಿದ್ದು ಅದರ ಮೇಲೇ."

ಹತ್ತಿದೆ.