ಮೊದಲು ಅಳೆಯಿರಿ, ಆಮೇಲೆ ಥ್ರಾಟಲ್ ಬಾಡಿ ಬಿಚ್ಚಿ

ಈಗಷ್ಟೇ ಇನ್ನೊಂದು ವಿಡಿಯೊ ನೋಡಿದೆ. ಪೆಡಲ್ ಒತ್ತಿದಷ್ಟು ಗಾಳಿಯನ್ನು ಎಂಜಿನ್‌ಗೆ ಬಿಡುವ ಭಾಗವೇ ಥ್ರಾಟಲ್ ಬಾಡಿ. 60 ಮಿಮೀದು ತೆಗೆದು 70 ಮಿಮೀದು ಕೂರಿಸಿದ್ದಾರೆ. ಪೆಡಲ್ ಮುಟ್ಟಿದ ತಕ್ಷಣ ಗಾಡಿ ನುಗ್ಗುತ್ತೆ, "ನೋಡಿ ಪವರ್" ಅನ್ನುತ್ತಾರೆ. ಒಂದೇ ಒಂದು ರೀಡಿಂಗ್ ಇಲ್ಲ. ಇದನ್ನು ನಂಬಿ ಎಷ್ಟು ಜನ ಚೆನ್ನಾಗಿರೋ ಥ್ರಾಟಲ್ ಬಾಡಿಯನ್ನು ಕೊರೆದು ದೊಡ್ಡದು ಮಾಡಿಸೋಕೆ ಲೇತ್‌ಗೆ ಕೊಡ್ತಾರೋ ಅಂತ ನೆನೆದರೆ ಸಂಕಟ ಆಗುತ್ತೆ.

ನುಗ್ಗಿದ್ದು ನಿಜ, ಆದರೆ ಅದು ಪವರ್ ಅಲ್ಲ. ಗಾಳಿ ಹಾದುಹೋಗುವ ದುಂಡನೆ ತೂತೇ ಬೋರ್. 60ರ ಬೋರಿನ ವಿಸ್ತೀರ್ಣ 2827 ಚದರ ಮಿಮೀ, 70ರದ್ದು 3848. ಅದರೊಳಗೆ ತಿರುಗುವ ಮುಚ್ಚಳ, ಅಂದರೆ ಪ್ಲೇಟ್, ಅಷ್ಟೇ ಡಿಗ್ರಿ ತಿರುಗಿದರೂ ಗಾಳಿಗೆ ಮೊದಲಿಗಿಂತ ಮೂರನೇ ಒಂದು ಪಾಲಿಗೂ ಮೀರಿ ಜಾಸ್ತಿ ದಾರಿ ತೆರೆಯುತ್ತೆ. ಮೊದಲು ಕಾಲು ಪೆಡಲ್‌ಗೆ ಸಿಗುತ್ತಿದ್ದ ಎಳೆತ ಈಗ ಇನ್ನೂ ಕಡಿಮೆ ಒತ್ತಿದರೇ ಸಿಗುತ್ತೆ, ಅಷ್ಟೇ. ಪೂರ್ತಿ ಒತ್ತಿದಾಗ ಎಂಜಿನ್ ಒಳಗೆ ಹೋಗುವ ಗಾಳಿ ಎಷ್ಟು ಹೆಚ್ಚಾಯ್ತು ಅನ್ನೋದೇ ಪ್ರಶ್ನೆ.

ಲೆಕ್ಕ ಹಾಕಿ ನೋಡಿ. 2 ಲೀಟರಿನ ಎಂಜಿನ್, 6500 ಆರ್‌ಪಿಎಂ, ಸಿಲಿಂಡರ್ ಶೇ 90 ತುಂಬುತ್ತೆ ಅಂತ ಇಟ್ಟುಕೊಂಡರೆ ನಿಮಿಷಕ್ಕೆ 5850 ಲೀಟರ್ ಗಾಳಿ. 60ರ ಬೋರಿನಲ್ಲಿ, ನಡುವೆ ಪ್ಲೇಟನ್ನು ಹಿಡಿದಿರುವ 8 ಮಿಮೀ ಸರಳು (ಶಾಫ್ಟ್) ಅಡ್ಡ ಇದ್ದರೂ, ಕಳೆದುಹೋಗುವ ಒತ್ತಡ ಹೆಚ್ಚುಕಡಿಮೆ 1 ಕಿಲೋಪಾಸ್ಕಲ್. ಅಂದರೆ ಸುಮಾರು ಶೇ 1ರಷ್ಟು ಗಾಳಿ. ಬೋರನ್ನು ಎಷ್ಟೇ ದೊಡ್ಡದು ಮಾಡಿದರೂ ವಾಪಸ್ ಸಿಗೋದು ಅದರಲ್ಲೇ ಒಂದು ಪಾಲು.

ಅಳೆಯೋದೇನೂ ಕಷ್ಟವಲ್ಲ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್ ಮಾಡಿ, ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್‌ನಲ್ಲಿ ಮ್ಯಾನಿಫೋಲ್ಡ್ (ಥ್ರಾಟಲ್‌ನಿಂದ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ಬರೆದುಕೊಳ್ಳಿ. ಅದು ಹೊರಗಿನ ಗಾಳಿಯ ಒತ್ತಡ. ಆಮೇಲೆ ಸುರಕ್ಷಿತ ಜಾಗದಲ್ಲಿ ಪೂರ್ತಿ ಪೆಡಲ್‌ನಲ್ಲಿ ರೆಡ್‌ಲೈನ್‌ವರೆಗೆ (ಎಂಜಿನ್‌ನ ಗರಿಷ್ಠ ಆರ್‌ಪಿಎಂ ಮಿತಿ) ಎಳೆದು ಅದೇ ರೀಡಿಂಗ್ ಲಾಗ್ ಮಾಡಿ. ಎರಡರ ವ್ಯತ್ಯಾಸ 1–2 ಕಿಲೋಪಾಸ್ಕಲ್ ಇದ್ದರೆ ಥ್ರಾಟಲ್ ಬಾಡಿಯ ಯೋಚನೆ ಬಿಡಿ. 5 ದಾಟಿದ್ದರೂ ತಕ್ಷಣ ಅದರ ಮೇಲೆ ತಪ್ಪು ಹೊರಿಸಬೇಡಿ. ಈ ಅಂಕಿಯಲ್ಲಿ ಫಿಲ್ಟರ್, ಏರ್ ಬಾಕ್ಸ್, ಡಕ್ಟ್ ಎಲ್ಲದರ ನಷ್ಟವೂ ಸೇರಿದೆ. ಥ್ರಾಟಲ್‌ಗಿಂತ ಮುಂಚಿನ ಡಕ್ಟ್‌ನಿಂದ ಒಂದು ಪೈಪ್ ಎಳೆದು ನೀರು ತುಂಬಿದ ಯು ಟ್ಯೂಬ್‌ಗೆ ಸೇರಿಸಿ. ನೀರಿನ ಮಟ್ಟದಲ್ಲಿ 10 ಸೆಂಮೀ ವ್ಯತ್ಯಾಸ ಅಂದರೆ 1 ಕಿಲೋಪಾಸ್ಕಲ್. ಒಟ್ಟು ನಷ್ಟದಲ್ಲಿ ಈ ಅಂಕಿ ಕಳೆದರೆ ಉಳಿಯೋದು ಥ್ರಾಟಲ್‌ನ ನಷ್ಟ. ಟ್ಯೂಬ್ ಉದ್ದವಾಗಿರಲಿ. ಇದನ್ನು ಯಾವ ಕಾರಣಕ್ಕೂ ಥ್ರಾಟಲ್ ಆಚೆಗೆ, ಮ್ಯಾನಿಫೋಲ್ಡ್‌ಗೆ ಸಿಕ್ಕಿಸಬೇಡಿ. ಐಡಲ್‌ನಲ್ಲೇ, ಅಂದರೆ ಪೆಡಲ್ ಮುಟ್ಟದೆ ಎಂಜಿನ್ ಸುಮ್ಮನೆ ಓಡುವಾಗಲೇ, ಅಷ್ಟೂ ನೀರನ್ನು ಎಂಜಿನ್ ಕುಡಿದುಬಿಡುತ್ತೆ.

ಪೆಡಲ್ ಕೇಬಲ್ ಎಳೆದು ತೆರೆಯುವ ಥ್ರಾಟಲ್ ಆದರೆ ಇನ್ನೊಂದು ಕೆಲಸ ಮೊದಲೇ ಮಾಡಿ. ಎಂಜಿನ್ ಆಫ್ ಇದ್ದಾಗ ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ನೀವು ಪ್ಲೇಟ್ ನೋಡಿ. ಅದು ಗಾಳಿ ಹೋಗುವ ದಿಕ್ಕಿಗೆ ಸಮಾನಾಂತರವಾಗಿ ನಿಲ್ಲದೆ ವಾರೆಯಾಗಿದ್ದರೆ ಕೇಬಲ್ ಸಡಿಲವಾಗಿದೆ. ಅದನ್ನು ಸರಿ ಮಾಡೋಕೆ ಲೇತ್ ಬೇಕಿಲ್ಲ.

ಇಷ್ಟೆಲ್ಲ ಅಳೆದ ಮೇಲೂ ನಷ್ಟ ಥ್ರಾಟಲ್‌ನಲ್ಲೇ ಇದೆ ಅಂತ ಖಾತ್ರಿಯಾದರೆ ಶಾಫ್ಟ್ ನೋಡಿ, ಬೋರ್ ಆಮೇಲೆ. 60ರ ಬೋರಿನಲ್ಲಿ 8 ಮಿಮೀ ಶಾಫ್ಟ್ ಒಂದೇ 480 ಚದರ ಮಿಮೀ ತಿನ್ನುತ್ತೆ, ಅಂದರೆ ಶೇ 17. ಬೋರಿನ ಒಳಗಿನ ಭಾಗವನ್ನು ಮಾತ್ರ, ಪ್ಲೇಟ್ ಸೇರಿ 5 ಮಿಮೀ ದಪ್ಪಕ್ಕೆ ಇಳಿಸಿದರೆ ಸಿಗುವ ದಾರಿ, ಬೋರನ್ನು 62ಕ್ಕೆ ಏರಿಸಿದರೆ ಸಿಗುವಷ್ಟೇ. ಬೇರಿಂಗ್‌ನಲ್ಲಿ ಕೂರುವ ಭಾಗ ಮುಟ್ಟಬಾರದು. 5 ಮಿಮೀಗಿಂತ ತೆಳ್ಳಗೂ ಮಾಡಬಾರದು. ಐಡಲ್‌ನಲ್ಲಿ ಮುಚ್ಚಿದ ಪ್ಲೇಟಿನ ಮೇಲೆ 18 ಕೆಜಿಗೂ ಹೆಚ್ಚು ಭಾರ ಬೀಳುತ್ತೆ, ಬಾಗಿದ ಶಾಫ್ಟ್ ಸಿಕ್ಕಿಹಾಕಿಕೊಳ್ಳುತ್ತೆ.

ಬೋರ್ ಮಾಡಿಸಲೇಬೇಕು ಅಂದರೆ ಗೋಡೆಯ ದಪ್ಪ ನೋಡಿಕೊಳ್ಳಿ. ಗೋಡೆಯೊಳಗೆ ಐಡಲ್ ಗಾಳಿಯ ದಾರಿ ಹಾದುಹೋಗಿರಬಹುದು, ಓ ರಿಂಗ್‌ನ ಗ್ರೂವ್ ಅಂಚು ಹಾರಿಹೋಗಬಹುದು. ಜಾಸ್ತಿ ಜನ ಕೆಡಿಸೋದು ಪ್ಲೇಟಿನಲ್ಲಿ. ಅದು ದುಂಡಗೆ ಕಾಣುತ್ತೆ, ದುಂಡಗಿರಲ್ಲ. 62ರ ಬೋರಿನಲ್ಲಿ 7 ಡಿಗ್ರಿ ವಾರೆಯಾಗಿ ಮುಚ್ಚುವ ಪ್ಲೇಟಿನ ಉದ್ದದ ಅಳತೆ 62.47 ಮಿಮೀ, ಅಗಲ 62. ಅಂಚೂ ಇಳಿಜಾರು. ಸರಿಯಾದ ದಾರಿ ಅಂದರೆ, ಒಂದು ರಾಡನ್ನು 7 ಡಿಗ್ರಿ ಓರೆಯಾಗಿ ಕತ್ತರಿಸಿ, ಎರಡು ತುಂಡಿನ ನಡುವೆ ಪ್ಲೇಟ್ ಬಿಗಿದು, ಬೋರಿನ ಅಳತೆಗೆ ಲೇತ್‌ನಲ್ಲಿ ಕಡೆಯೋದು. ಆಕಾರ, ಅಂಚು ಎರಡೂ ಒಂದೇ ಸಲ ಬರುತ್ತೆ. ದುಂಡನೆ ಪ್ಲೇಟ್ ಹಾಕಿದರೆ ಅದು ಅಡ್ಡಡ್ಡ ಹೋಗಿ ಬೋರಿಗೆ ಕಚ್ಚಿಕೊಳ್ಳುತ್ತೆ. ಓಡುತ್ತಿರುವ ಗಾಡಿಯಲ್ಲಿ ಥ್ರಾಟಲ್ ಕಚ್ಚಿಕೊಂಡರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಪ್ಲೇಟಿನ ಸ್ಕ್ರೂಗಳ ತುದಿಯನ್ನು ಫ್ಯಾಕ್ಟರಿಯಲ್ಲೇ ಬಡಿದು ಅಗಲ ಮಾಡಿರುತ್ತಾರೆ. ಅದನ್ನು ಉಜ್ಜಿ ತೆಗೆದೇ ಬಿಚ್ಚಿ, ಇಲ್ಲದಿದ್ದರೆ ಶಾಫ್ಟಿನ ಥ್ರೆಡ್ ಹೋಗುತ್ತೆ. ಕೂರಿಸುವಾಗ ಹೊಸ ಸ್ಕ್ರೂ, ಥ್ರೆಡ್ ಲಾಕರ್, ಮತ್ತೆ ತುದಿ ಬಡಿಯೋದು. ಮೂರೂ ಬೇಕು. ಸಡಿಲವಾದ ಸ್ಕ್ರೂ ಬಿದ್ದರೆ ಸೀದಾ ಸಿಲಿಂಡರ್ ಕಡೆಗೇ ಹೋಗೋದು.

ಮ್ಯಾನಿಫೋಲ್ಡ್ ಬಾಯಿ 60 ಇದ್ದು ಥ್ರಾಟಲ್ 66 ಆದರೆ ಸುತ್ತ 3 ಮಿಮೀ ಮೆಟ್ಟಿಲು ಉಳಿಯುತ್ತೆ. ಗಾಳಿ ಅಲ್ಲೇ ಸುಳಿಯಾಗಿ, ಬೋರ್ ಮಾಡಿಸಿ ಗಳಿಸಿದ್ದು ಅಲ್ಲೇ ಹೋಗುತ್ತೆ. ಗ್ಯಾಸ್ಕೆಟ್ಟನ್ನೂ ಅದೇ ಅಳತೆಗೆ ಕತ್ತರಿಸಿ.

ಎಲೆಕ್ಟ್ರಾನಿಕ್ ಥ್ರಾಟಲ್ (ಕೇಬಲ್ ಬದಲು ಮೋಟಾರ್ ತಿರುಗಿಸುವುದು) ಇರುವವರಿಗೆ ಕೈಮುಗಿದು ಕೇಳೋದು, ಟ್ಯೂನಿಂಗ್ ಇಲ್ಲದೆ ಅಳತೆ ಬದಲಿಸಬೇಡಿ. ಎಷ್ಟು ಡಿಗ್ರಿಗೆ ಎಷ್ಟು ಗಾಳಿ ಅನ್ನೋ ಟೇಬಲ್ ಎಂಜಿನ್ ಕಂಪ್ಯೂಟರ್ (ಇಸಿಯು) ಒಳಗಿದೆ. ನೀವು ಬೋರ್ ಬದಲಿಸಿದಿರಿ, ಟೇಬಲ್ ಹಳೆಯದೇ ಉಳಿಯಿತು. ಐಡಲ್ ಏರಿ ಪಿ0507 ಅನ್ನೋ ದೋಷದ ಕೋಡ್ ಬರಬಹುದು, ಥ್ರಾಟಲ್ ಸೆನ್ಸರ್ ರೇಂಜ್ ತಪ್ಪಿ ಪಿ0121 ಬರಬಹುದು. ಅದರ ಪ್ಲೇಟನ್ನು ಬೆರಳಿನಿಂದ ಬಲವಾಗಿ ತಳ್ಳಲೂಬೇಡಿ, ಒಳಗಿನ ಗೇರ್ ಪ್ಲಾಸ್ಟಿಕ್‌ನದಿರಬಹುದು. ಬೋರಿನ ಸುತ್ತ ಕಪ್ಪಗೆ ತೆಳುವಾದ ಕೋಟಿಂಗ್ ಕಂಡರೆ ಕಾರ್ಬನ್ ಅಂತ ಉಜ್ಜಬೇಡಿ, ಕೆಲವು ಮಾಡೆಲ್‌ಗಳಲ್ಲಿ ಸಂದು ಮುಚ್ಚೋಕೆ ಬೇಕಂತಲೇ ಹಾಕಿರುತ್ತಾರೆ.

"ರೇಸ್ ಗಾಡಿಗಳಲ್ಲಿ ದೊಡ್ಡ ಥ್ರಾಟಲ್ ಇರಲ್ವಾ" ಅಂತ ಕೇಳ್ತಾರೆ. ಇರುತ್ತೆ. ಅಲ್ಲಿ ಕ್ಯಾಮ್, ಹೆಡ್, ಎಕ್ಸಾಸ್ಟ್ ಎಲ್ಲ ಬದಲಾಗಿ ಎಂಜಿನ್ ಅಷ್ಟು ಗಾಳಿ ಕೇಳುತ್ತೆ. ಸಿಲಿಂಡರಿಗೊಂದು ಥ್ರಾಟಲ್ ಹಾಕಿದರೆ ಅವನ್ನೆಲ್ಲ ಒಂದೇ ಮಟ್ಟಕ್ಕೆ ತರಬೇಕು, ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಸಾಲುತ್ತಾ ನೋಡಬೇಕು. ಫ್ಯಾಕ್ಟರಿಯಿಂದ ಬಂದ ಹಾಗೇ ಇರುವ ಎಂಜಿನ್‌ಗೆ ಆ ಉದಾಹರಣೆ ಹೊಂದಲ್ಲ.

ನನ್ನನ್ನು ಕೇಳುವವರು ಇನ್ನು ಮುಂದೆ "ಎಷ್ಟು ಮಿಮೀ ಹಾಕಲಿ" ಅನ್ನೋ ಮೊದಲು ಮೂರು ಅಂಕಿ ಕಳಿಸಿ: ಇಗ್ನಿಷನ್ ಮಾತ್ರ ಆನ್ ಇದ್ದಾಗಿನ ಒತ್ತಡ, ರೆಡ್‌ಲೈನ್‌ನಲ್ಲಿ ಪೂರ್ತಿ ಪೆಡಲ್ ಒತ್ತಿದಾಗಿನ ಒತ್ತಡ, ಮತ್ತು ಥ್ರಾಟಲ್‌ಗೆ ಮುಂಚಿನ ಡಕ್ಟ್‌ನಲ್ಲಿ ಆಗುತ್ತಿರುವ ನಷ್ಟ.